ಲಾರಿ ಮೇಲಿನ ಜನ ಯಾರ ಲೆಕ್ಕಕ್ಕೆ?

ಬುಕ್ಕಾಪಟ್ಟಣ ಹೋಬಳಿಯಲ್ಲಿ ನನ್ನ ವಾರಿಗೆಯವರು ಮೊದಲ ಸಲ ಊರು ದಾಟಿದ್ದು ಹೆಚ್ಚಾಗಿ ಲಾರಿ ಹತ್ತಿ. ಹುಳಿಯಾರಿನಿಂದ ಶಿರಾ ಕಡೆಗೆ ಹೋಗುವ ರಸ್ತೆ ನಮ್ಮ ಮೇಲೇ ಹಾಯುತ್ತದೆ. ಆಮೇಲೆ ಅದಕ್ಕೆ 234ನೇ ರಾಷ್ಟ್ರೀಯ ಹೆದ್ದಾರಿ ಎಂದು ಸಂಖ್ಯೆ ಬಿತ್ತು, ಈಗ 69 ಅನ್ನುತ್ತಾರೆ. ಆಗ ಅದು ಒಂದು ಗಾಡಿ ಬಂದರೆ ಇನ್ನೊಂದು ಮಣ್ಣಿಗೆ ಇಳಿಯಬೇಕಾಗಿದ್ದ ದಾರಿ. ಬಸ್ಸುಗಳು ಖಾಸಗಿಯವರವು, ಅದೂ ಹೊತ್ತಿಗೊಂದು. ಕಡಲೆಕಾಯಿ ಮೂಟೆ ಮಂಡಿಗೆ ಹೋಗಬೇಕು, ಕುರಿ ಸಂತೆಗೆ ಹೋಗಬೇಕು, ಮದುವೆ ದಿಬ್ಬಣ ಬೇರೆ ಊರಿಗೆ ಹೋಗಬೇಕು. ಎಲ್ಲಕ್ಕೂ ಲಾರಿಯೇ. ಮೂಟೆಯ ಮೇಲೆ ಗಂಡಸರು, ಕ್ಯಾಬಿನ್ನಿನಲ್ಲಿ ಮಗು ಎತ್ತಿಕೊಂಡ ಹೆಂಗಸರು. ಆಮೇಲೆ ಟ್ರ್ಯಾಕ್ಟರ್ ಟ್ರೈಲರ್ ಬಂತು, ಟೆಂಪೊ ಬಂತು, ಕ್ರೂಸರ್ ಬಂತು, ಟಾಟಾ ಏಸ್ ಬಂತು. ಹತ್ತುವ ಜನ ಮಾತ್ರ ಅವರೇ.

ನಾನು ಶಿರಾ ಕೋರ್ಟಿನಲ್ಲಿ ವಕೀಲ. ನನ್ನ ಬೀರುವಿನಲ್ಲಿರುವ ಫೈಲುಗಳಲ್ಲಿ ಮುಕ್ಕಾಲು ಪಾಲು ಎಂವಿಸಿ, ಅಂದರೆ ಮೋಟಾರು ಅಪಘಾತ ಪರಿಹಾರದ ಕೇಸುಗಳು. ನಮ್ಮಪ್ಪ ಲಾರಿ ಡ್ರೈವರ್ ಆಗಿದ್ದವರು. ಹಾಗಾಗಿ ಈ ಕೇಸುಗಳ ಎರಡೂ ದಡ ನನಗೆ ಗೊತ್ತು. ಅಪಘಾತವಾದ ಕೂಡಲೇ ಎಲ್ಲರೂ ಕೇಳುವುದು ತಪ್ಪು ಯಾರದು ಎಂದು. ಆದರೆ ನಮ್ಮ ಕಡೆಯ ಜನ ಸೋತದ್ದು ಆ ಪ್ರಶ್ನೆಯಲ್ಲಿ ಅಲ್ಲ. ತಪ್ಪು ಡ್ರೈವರನದು ಎಂದು ಕೋರ್ಟು ಬರೆದ ಮೇಲೂ ಎಷ್ಟೋ ಮನೆಗಳಿಗೆ ಕಾಸು ಬಂದಿಲ್ಲ. ಸತ್ತವರು ಗಾಡಿಯ ಯಾವ ಜಾಗದಲ್ಲಿ ಕೂತಿದ್ದರು ಎಂಬ ಒಂದೇ ಕಾರಣಕ್ಕೆ ಬಂದಿಲ್ಲ. ಆ ಚರಿತ್ರೆಯನ್ನು ಒಂದು ಕಡೆ ಬರೆದಿಡಬೇಕು ಅನ್ನಿಸಿ ಬರೆಯುತ್ತಿದ್ದೇನೆ.

ಮೋಟಾರು ಬರುವ ಮೊದಲೇ ಕಾನೂನು ಬಂದಿತ್ತು. ಇಂಗ್ಲೆಂಡಿನಲ್ಲಿ ರೈಲು ಅಪಘಾತಗಳು ಹೆಚ್ಚಿದ ಕಾಲದಲ್ಲಿ, 1846ರಲ್ಲಿ, ಸತ್ತವನ ಮನೆಯವರು ಪರಿಹಾರ ಕೇಳಬಹುದು ಎಂಬ ಕಾಯ್ದೆಯಾಯಿತು. ಅದರ ಮಾದರಿಯಲ್ಲಿ ಇಲ್ಲಿ 1855ರಲ್ಲಿ ಮಾರಣಾಂತಿಕ ಅಪಘಾತಗಳ ಕಾಯ್ದೆ. ಗಂಡ, ಹೆಂಡತಿ, ತಂದೆತಾಯಿ, ಮಕ್ಕಳು ಕೇಳಬಹುದು. ಅಣ್ಣ ಸತ್ತರೆ ತಮ್ಮನಿಗೆ ಹಕ್ಕಿಲ್ಲ. ಒಟ್ಟು ಕುಟುಂಬದಲ್ಲಿ ದುಡಿಯುವ ಅಣ್ಣನೇ ಮನೆಯ ಕಂಬ ಎಂಬುದು ಆ ಕಾಯ್ದೆಗೆ ಕಾಣಲಿಲ್ಲ. ಮೋಟಾರು ಅಪಘಾತದಲ್ಲಿ ಸತ್ತವನ ಅಣ್ಣತಮ್ಮಂದಿರೂ ವಾರಸುದಾರರಾಗಿ ಕೇಳಬಹುದು ಎಂದು ಸುಪ್ರೀಂ ಕೋರ್ಟು ಗುಜರಾತ್ ಸಾರಿಗೆ ಸಂಸ್ಥೆಯ ಕೇಸಿನಲ್ಲಿ ಹೇಳುವ ಹೊತ್ತಿಗೆ 1987 ಬಂದಿತ್ತು. ಇನ್ನು ಶಿಕ್ಷೆಯ ಕಡೆಗೆ ನೋಡಿದರೆ, ಅಜಾಗರೂಕತೆಯಿಂದ ಸಾವು ತಂದವನಿಗೆ ಎರಡು ವರ್ಷದವರೆಗೆ ಸಜೆ ಎಂಬ 304ಎ ಕಲಂ ದಂಡಸಂಹಿತೆಗೆ 1870ರಲ್ಲೇ ಸೇರಿತ್ತು. 2024ರ ಜುಲೈ 1ರಿಂದ ಅದರ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಂ ಬಂದಿದೆ, ಸಜೆ ಐದು ವರ್ಷದವರೆಗೆ.

1939ರ ಮೋಟಾರು ವಾಹನ ಕಾಯ್ದೆಯ ದೊಡ್ಡ ಕೆಲಸ ಅಂದರೆ ಕಡ್ಡಾಯ ವಿಮೆ. ಆ ಅಧ್ಯಾಯ ಜಾರಿಗೆ ಬಂದದ್ದು 1946ರ ಜುಲೈ 1ರಂದು. ರಸ್ತೆಗೆ ಇಳಿಯುವ ಪ್ರತಿ ಗಾಡಿಯ ಹಿಂದೆ ದುಡ್ಡು ಕೊಡಬಲ್ಲವರೊಬ್ಬರು ನಿಂತಿರಬೇಕು ಎಂಬುದು ಅದರ ಅರ್ಥ. ಆದರೂ ಪರಿಹಾರ ಬೇಕಾದವರು ಸಿವಿಲ್ ಕೋರ್ಟಿಗೆ ಹೋಗಿ, ಕೇಳುವ ಮೊತ್ತಕ್ಕೆ ತಕ್ಕ ಕೋರ್ಟು ಶುಲ್ಕ ಕಟ್ಟಿ, ದಾವೆ ಹೂಡಬೇಕಾಗಿತ್ತು. ಗಂಡನನ್ನು ಕಳೆದುಕೊಂಡ ಕೂಲಿ ಹೆಂಗಸು ಶುಲ್ಕಕ್ಕೆ ಎಲ್ಲಿಂದ ತರಬೇಕು? 1956ರ ತಿದ್ದುಪಡಿಯಲ್ಲಿ ಅದಕ್ಕೊಂದು ದಾರಿ ಮಾಡಿದರು. ಪ್ರತ್ಯೇಕ ನ್ಯಾಯಾಧಿಕರಣ, ಸರಳ ಅರ್ಜಿ. ಆದರೆ ಅರವತ್ತು ದಿನದೊಳಗೆ ಹಾಕಬೇಕು. 1969ರ ತಿದ್ದುಪಡಿ ಅದನ್ನು ಆರು ತಿಂಗಳು ಮಾಡಿತು. ಅದೇ ತಿದ್ದುಪಡಿ ವಿಮಾ ಕಂಪನಿಯ ಹೊಣೆಗೆ ಹೊಸ ಮಿತಿಯನ್ನೂ ಹಾಕಿತು. ಬಸ್ಸಿನ ಪ್ರಯಾಣಿಕ ಸತ್ತರೆ ತಲೆಗೆ 5,000 ರೂಪಾಯಿ, ಟ್ಯಾಕ್ಸಿಯವನಾದರೆ 10,000. ಅದಕ್ಕಿಂತ ಹೆಚ್ಚು ಮಂಜೂರಾದರೆ ಮಾಲೀಕನಿಂದ ವಸೂಲು ಮಾಡಿಕೊಳ್ಳಬೇಕು. ಬಸ್ಸಿನ ಪ್ರಯಾಣಿಕನ ಬೆಲೆ ಟ್ಯಾಕ್ಸಿಯ ಪ್ರಯಾಣಿಕನ ಅರ್ಧ ಎಂದು ಶಾಸನವೇ ಬರೆದ ಕಾಲ ಅದು. 1982ರಲ್ಲಿ ಬಸ್ಸಿನವನಿಗೂ 15,000 ಆಯಿತು.

ಬಸ್ಸಿನವನಿಗೆ ಐದು ಸಾವಿರವಾದರೂ ಇತ್ತು. ಲಾರಿಯವನಿಗೆ?

ನಮ್ಮ ದೊಡ್ಡಪ್ಪ ಹೋದದ್ದು ಎಪ್ಪತ್ತರ ದಶಕದ ಕೊನೆಯಲ್ಲಿ. ಚಳ್ಳಕೆರೆಯ ಎಣ್ಣೆ ಮಿಲ್ಲುಗಳ ಕಡೆಗೆ ನಮ್ಮ ಹೋಬಳಿಯ ಕಡಲೆಕಾಯಿ ಹೋಗುತ್ತಿದ್ದ ಕಾಲ. ತನ್ನ ಮೂಟೆಗಳ ಮೇಲೆ ತಾನೇ ಕೂತಿದ್ದರು. ಮೂಟೆ ಬಿಟ್ಟು ಬಸ್ಸಿನಲ್ಲಿ ಹೋದರೆ ತೂಕ ಯಾರು ನೋಡಬೇಕು, ರೇಟು ಯಾರು ಮಾತಾಡಬೇಕು? ತಿರುವಿನಲ್ಲಿ ಲಾರಿ ಮಗುಚಿತು. ಮೂಟೆಗಳ ಅಡಿಯಿಂದ ದೊಡ್ಡಪ್ಪನನ್ನು ತೆಗೆಯುವ ಹೊತ್ತಿಗೆ ಉಸಿರಿರಲಿಲ್ಲ. ಮೂರನೇ ದಿನ ಲಾರಿ ಮಾಲೀಕರ ಕಡೆಯವರು ಬಂದರು, ತಿಥಿ ಖರ್ಚಿಗೆ ಅಂತ ಒಂದಿಷ್ಟು ದುಡ್ಡು ಕೊಟ್ಟರು, ಇನ್ನು ಮುಂದೆ ಏನೂ ಕೇಳುವುದಿಲ್ಲ ಎಂದು ಛಾಪಾ ಕಾಗದದ ಮೇಲೆ ದೊಡ್ಡಮ್ಮನ ಹೆಬ್ಬೆಟ್ಟು ಒತ್ತಿಸಿಕೊಂಡು ಹೋದರು. ಊರ ಹಿರಿಯರು ಸುತ್ತ ಕೂತಿದ್ದರು. ಯಾರಿಗೂ ಅದು ಅನ್ಯಾಯ ಅನ್ನಿಸಲಿಲ್ಲ, ಏಕೆಂದರೆ ಬಂಡಿಗೆ ಬಂಡಿ ತಾಗಿ ಎತ್ತಿನ ಕಾಲು ಮುರಿದಾಗಲೂ ಹೀಗೇ ಕಟ್ಟೆಯ ಮೇಲೆ ಕೂತು ತೀರಿಸುತ್ತಿದ್ದರು. ತುಮಕೂರಿನಲ್ಲಿ ಇದಕ್ಕೆಂದೇ ಒಂದು ನ್ಯಾಯಾಧಿಕರಣವಿದೆ ಎಂದು ನಮ್ಮಪ್ಪನಿಗೆ ಇನ್ನೊಬ್ಬ ಡ್ರೈವರ್ ಹೇಳುವಷ್ಟರಲ್ಲಿ ಆರು ತಿಂಗಳು ಕಳೆದಿತ್ತು.

ವಕೀಲನಾದ ಮೇಲೆ ಆ ಕಾಲದ ಕಾಯ್ದೆ ಓದಿದೆ. ಅವಧಿಯೊಳಗೆ ಅರ್ಜಿ ಹಾಕಿದ್ದರೂ ವಿಮಾ ಕಂಪನಿ ಕೈ ತೊಳೆದುಕೊಳ್ಳುತ್ತಿತ್ತು. ಸರಕು ಗಾಡಿಯಲ್ಲಿ ಕೂತವನಿಗೆ ಕಡ್ಡಾಯ ವಿಮೆಯ ರಕ್ಷಣೆ ಇಲ್ಲ. ಆತ ದಾರಿಯಲ್ಲಿ ನಡೆದು ಹೋಗುತ್ತಿದ್ದು ಅದೇ ಲಾರಿ ಗುದ್ದಿದ್ದರೆ ಇತ್ತು. ತನ್ನ ಸರಕಿನ ಮೇಲೆ ಕೂತಿದ್ದರಿಂದ ಇಲ್ಲ.

ಇರಲಿ, ತಪ್ಪಿನ ಪ್ರಶ್ನೆಗೆ ಬರುತ್ತೇನೆ. ಪುಸ್ತಕದಲ್ಲಿ ಏನೇ ಇರಲಿ, ನೆಲದ ಮೇಲೆ ತಪ್ಪು ತೀರ್ಮಾನವಾಗುವುದು ಸ್ಥಳ ಮಹಜರಿನಲ್ಲಿ. ಅದನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ದೂರು ದಾಖಲಾದ ಮೇಲೆ, ಬಹಳ ಸಲ ಮಾರನೇ ದಿನ, ಠಾಣೆಯವರು ಜಾಗಕ್ಕೆ ಬರುತ್ತಾರೆ. ಪಕ್ಕದ ಟೀ ಅಂಗಡಿಯಿಂದ ಇಬ್ಬರನ್ನು ಕರೆದು ಪಂಚರೆಂದು ನಿಲ್ಲಿಸುತ್ತಾರೆ. ರಸ್ತೆ ಯಾವ ದಿಕ್ಕಿಗೆ ಹೋಗುತ್ತದೆ, ಟಾರಿನ ಅಗಲ ಎಷ್ಟು ಅಡಿ, ಎರಡೂ ಪಕ್ಕದ ಮಣ್ಣು ಎಷ್ಟು, ಚೆಕ್ಕುಬಂದಿ ಏನು, ಗಾಜಿನ ಚೂರು ಎಲ್ಲಿ ಬಿದ್ದಿದೆ, ಬ್ರೇಕ್ ಹಾಕಿದ ಗುರುತು ಎಷ್ಟು ಉದ್ದ, ರಕ್ತದ ಕಲೆ ಅಂಚಿನಿಂದ ಎಷ್ಟು ದೂರ. ಇಷ್ಟನ್ನೂ ಬರೆದು ಕೆಳಗೊಂದು ನಕ್ಷೆ ಹಾಕುತ್ತಾರೆ. ಎರಡು ಗೆರೆ ರಸ್ತೆ, ಬಾಣದ ಗುರುತು ಗಾಡಿ, ಒಂದು ಗುಣಾಕಾರದ ಗುರುತು ಡಿಕ್ಕಿಯಾದ ಜಾಗ. ಆ ಗುರುತು ರಸ್ತೆಯ ಮಧ್ಯದ ಗೆರೆಯಿಂದ ಎಡಕ್ಕೆ ಬಿತ್ತೋ ಬಲಕ್ಕೆ ಬಿತ್ತೋ ಎಂಬುದರ ಮೇಲೆ ಒಂದು ಸಂಸಾರದ ಮುಂದಿನ ಇಪ್ಪತ್ತು ವರ್ಷ ನಿಂತಿರುತ್ತದೆ. ಅಪಘಾತವಾದ ಗಾಡಿಗಳನ್ನು ಜನ ಅಷ್ಟರಲ್ಲಿ ಪಕ್ಕಕ್ಕೆ ತಳ್ಳಿರುತ್ತಾರೆ, ರಾತ್ರಿ ಮಳೆ ಬಿದ್ದಿರುತ್ತದೆ. ಆದರೂ ಗುರುತು ಬೀಳಲೇಬೇಕು, ಬೀಳುತ್ತದೆ. ಅದರ ಜೊತೆಗೆ ಮೋಟಾರು ವಾಹನ ನಿರೀಕ್ಷಕರ ವರದಿ: ಯಾವ ಗಾಡಿಯ ಯಾವ ಮೂಲೆ ಜಖಂ, ಬ್ರೇಕ್ ಸರಿಯಿತ್ತೇ, ಯಾಂತ್ರಿಕ ದೋಷವಿತ್ತೇ. ನನ್ನ ಅನುಭವದಲ್ಲಿ ಮಹಜರಿಗಿಂತ ಈ ಒಂದು ಹಾಳೆ ಹೆಚ್ಚು ನಿಜ ಹೇಳುತ್ತದೆ. ಮುಂದಿನ ಬಲ ಮೂಲೆ ಒಳಗೆ ಹೋಗಿದ್ದರೆ ಅದನ್ನು ಯಾವ ಬರವಣಿಗೆಯೂ ಹೊರಕ್ಕೆ ತರಲಾರದು.

ದೂರಿನಲ್ಲಿ ಒಂದು ಸಾಲು ಎಲ್ಲ ಠಾಣೆಗಳಲ್ಲೂ ಒಂದೇ: ಅತಿವೇಗ ಮತ್ತು ಅಜಾಗರೂಕತೆಯಿಂದ ಓಡಿಸಿಕೊಂಡು ಬಂದು. ನೋಡಿದವನು ಹೇಳಿದರೂ ಇದೇ, ನೋಡದವನು ಹೇಳಿದರೂ ಇದೇ. ದೂರು ತಡವಾಯಿತು ಎಂದು ವಿಮಾ ಕಂಪನಿಯವರು ಎತ್ತುವ ತಕರಾರು ಬೇರೆ. 2011ರಲ್ಲಿ ರವಿ ವಿರುದ್ಧ ಬದ್ರಿನಾರಾಯಣ್ ಕೇಸಿನಲ್ಲಿ ಸುಪ್ರೀಂ ಕೋರ್ಟು ಇದಕ್ಕೆ ಸರಿಯಾದ ಉತ್ತರ ಕೊಟ್ಟಿತು. ಗಾಯಾಳುವನ್ನು ಮೊದಲು ಆಸ್ಪತ್ರೆಗೆ ಸೇರಿಸುವುದು ಮನುಷ್ಯ ಸಹಜ, ತಡವಾಯಿತೆಂಬ ಒಂದೇ ಕಾರಣಕ್ಕೆ ಅರ್ಜಿ ತಳ್ಳಬಾರದು ಎಂದು. ಹಾಗೆಂದು ತಡವಾದ ದೂರುಗಳೆಲ್ಲ ಶುದ್ಧ ಎಂದು ನಾನು ಹೇಳಲಾರೆ. ವಿಮೆ ಇಲ್ಲದ ಗಾಡಿಯ ಜಾಗಕ್ಕೆ ವಿಮೆ ಇರುವ ಗಾಡಿಯನ್ನು ತಂದು ಸೇರಿಸುವ ಕೆಲಸ ನಮ್ಮ ವೃತ್ತಿಯ ಕೆಲವರು ಮಾಡಿದ್ದಾರೆ. ಅದು ಮೋಸ. ಅದರಿಂದ ನಿಜವಾಗಿ ಕಾಲು ಕಳೆದುಕೊಂಡವನ ಅರ್ಜಿಯನ್ನೂ ಅನುಮಾನದಿಂದ ನೋಡುವಂತಾಗಿದೆ.

ಇನ್ನು ಡ್ರೈವರನ ವಿಷಯ. ಕ್ರಿಮಿನಲ್ ಕೇಸಿನಲ್ಲಿ ಸಣ್ಣಪುಟ್ಟ ಗಾಯದ ಪ್ರಕರಣಗಳಾದರೆ ಡ್ರೈವರುಗಳು ಮೊದಲ ದಿನವೇ ತಪ್ಪೊಪ್ಪಿಕೊಂಡು ದಂಡ ಕಟ್ಟಿ ಹೋಗುತ್ತಾರೆ. ತಪ್ಪು ಮಾಡಿದ್ದಾರೆ ಅಂತಲೇ ಅಲ್ಲ. ವಾಯಿದೆ ವಾಯಿದೆಗೆ ಬರುವುದಾದರೆ ಬಾಡಿಗೆ ತಪ್ಪುತ್ತದೆ, ಮಾಲೀಕ ಬೇರೆ ಡ್ರೈವರನನ್ನು ಹಾಕುತ್ತಾನೆ. ನಮ್ಮಪ್ಪನೂ ಒಮ್ಮೆ ಹೀಗೆ ದಂಡ ಕಟ್ಟಿ ಬಂದಿದ್ದರು. ಅಡ್ಡ ಬಂದ ಸೈಕಲ್ಲಿನವನನ್ನು ಉಳಿಸಲು ಹೋಗಿ ಲಾರಿಯನ್ನು ಚರಂಡಿಗೆ ಇಳಿಸಿದ್ದರು, ಕ್ಲೀನರನ ಕೈ ಮುರಿದಿತ್ತು. ಆ ತಪ್ಪೊಪ್ಪಿಗೆಯ ನಕಲು ನಮ್ಮ ಎಂವಿಸಿ ಕೇಸಿಗೆ ಬರುತ್ತದೆ, ನಿಶಾನೆಯಾಗುತ್ತದೆ, ನಿರ್ಲಕ್ಷ್ಯಕ್ಕೆ ಸಾಕ್ಷಿಯಾಗುತ್ತದೆ. ನ್ಯಾಯಾಧಿಕರಣದಲ್ಲಿ ಒಂದನೇ ಎದುರುದಾರ ಡ್ರೈವರ್, ಎರಡನೇ ಎದುರುದಾರ ಮಾಲೀಕ, ಮೂರನೆಯದು ವಿಮಾ ಕಂಪನಿ. ಮೊದಲಿಬ್ಬರು ನೋಟಿಸು ತಗೊಂಡು ಬರುವುದೇ ಇಲ್ಲ, ಎಕ್ಸ್‌ಪಾರ್ಟಿ ಆಗುತ್ತಾರೆ. ಸ್ಟೀರಿಂಗ್ ಹಿಡಿದಿದ್ದವನ ಬಾಯಿಂದ ಒಂದು ಮಾತೂ ಇಲ್ಲದೆ ತಪ್ಪಿನ ತೀರ್ಮಾನ ಆಗಿಹೋಗುತ್ತದೆ.

ಶಿಕ್ಷೆಯ ತಪ್ಪು ಬೇರೆ, ಪರಿಹಾರದ ತಪ್ಪು ಬೇರೆ ಎಂದು ಬಿಡಿಸಿ ಹೇಳಿದ ಎರಡು ತೀರ್ಪುಗಳು ಒಂದರ ಹಿಂದೆ ಒಂದು ಬಂದವು. 1979ರಲ್ಲಿ ಸೈಯದ್ ಅಕ್ಬರ್ ವಿರುದ್ಧ ಕರ್ನಾಟಕ ರಾಜ್ಯ. ನಮ್ಮ ರಾಜ್ಯದ ಒಬ್ಬ ಬಸ್ ಚಾಲಕ, ರಸ್ತೆಯಲ್ಲಿ ಸತ್ತ ಒಂದು ಹೆಣ್ಣುಮಗು. ಅಪಘಾತವಾಯಿತು ಎಂಬುದರಿಂದಲೇ ಚಾಲಕ ಅಪರಾಧಿ ಎಂದು ಊಹಿಸಲಾಗದು, ಪ್ರಾಸಿಕ್ಯೂಷನ್ ಸಾಬೀತು ಮಾಡಬೇಕು ಎಂದು ಹೇಳಿ ಸುಪ್ರೀಂ ಕೋರ್ಟು ಅವನನ್ನು ಬಿಡುಗಡೆ ಮಾಡಿತು. ಮಾರನೇ ವರ್ಷ ತಮಿಳುನಾಡಿನ ಎನ್.ಕೆ.ವಿ. ಬ್ರದರ್ಸ್ ಕೇಸು. ರಾತ್ರಿ ಬಸ್ಸೊಂದು ಜೋತುಬಿದ್ದ ಹೈಟೆನ್ಷನ್ ತಂತಿಗೆ ತಾಗಿ ಜನ ಸತ್ತಿದ್ದರು. ಕ್ರಿಮಿನಲ್ ಕೋರ್ಟಿನಲ್ಲಿ ಚಾಲಕ ಬಿಡುಗಡೆಯಾಗಿದ್ದ. ಅಲ್ಲಿ ಬಿಡುಗಡೆಯಾದರೆ ಇಲ್ಲಿ ಹೊಣೆ ತಪ್ಪುವುದಿಲ್ಲ, ಸಣ್ಣ ಸಂಶಯಗಳ ಮೇಲೆ ಪರಿಹಾರ ನಿರಾಕರಿಸಬೇಡಿ ಎಂದು ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಬರೆದರು. ಡ್ರೈವರನ ಮಗನಾಗಿ ಮೊದಲನೆಯದು, ಗಾಯಾಳುಗಳ ವಕೀಲನಾಗಿ ಎರಡನೆಯದು, ಎರಡೂ ನನಗೆ ಬೇಕಾದ ತೀರ್ಪುಗಳು.

ಚತುಷ್ಪಥ ಬಂದ ಮೇಲೆ ಶಿರಾದ ಅಪಘಾತಗಳ ಸ್ವರೂಪ ಬದಲಾಯಿತು. ಬೆಂಗಳೂರು–ಪುಣೆ ಹೆದ್ದಾರಿಯಲ್ಲಿ, ಈಗಿನ 48ರಲ್ಲಿ, ತಾವರೆಕೆರೆಯಿಂದ ಕಳ್ಳಂಬೆಳ್ಳದವರೆಗೆ ರಾತ್ರಿ ನಿಂತ ಲಾರಿಗಳೇ ದೊಡ್ಡ ಗಂಡಾಂತರ. ನಿಂತ ಲಾರಿಗೆ ಹಿಂದಿನಿಂದ ಗುದ್ದಿದರೆ ತಪ್ಪು ಯಾರದು? 2018ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಎರಡು ಕೇಸು ಬಂದವು. ಅರ್ಚಿತ್ ಸೈನಿ ಕೇಸಿನಲ್ಲಿ ರಾತ್ರಿ ದೀಪವಿಲ್ಲದೆ ರಸ್ತೆಯಲ್ಲಿ ನಿಲ್ಲಿಸಿದ್ದ ಟ್ಯಾಂಕರಿನದೇ ಪೂರ್ತಿ ತಪ್ಪು ಎಂದಾಯಿತು. ನಿಶಾನ್ ಸಿಂಗ್ ಕೇಸಿನಲ್ಲಿ ಮುಂದೆ ಹೋಗುತ್ತಿದ್ದ ಲಾರಿಯಿಂದ ಅಂತರ ಕಾಯ್ದುಕೊಳ್ಳದ ಕಾರಿನದೇ ತಪ್ಪು ಎಂದಾಯಿತು. ನಿಂತದ್ದೋ ಚಲಿಸುತ್ತಿತ್ತೋ, ಹಿಂದಿನ ದೀಪ ಉರಿಯುತ್ತಿತ್ತೋ ಇಲ್ಲವೋ. ಮತ್ತೆ ಮಹಜರಿಗೇ ಬಂದು ನಿಲ್ಲುತ್ತೇವೆ.

ತಪ್ಪು ಸಾಬೀತು ಮಾಡುವ ಭಾರವನ್ನು ಇಳಿಸಲು ಶಾಸನ ಪಟ್ಟ ಪಾಡೂ ಸಣ್ಣದಲ್ಲ. 1977ರ ಮೀನು ಮೆಹ್ತಾ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ನಿರ್ಲಕ್ಷ್ಯ ಸಾಬೀತಾಗದೆ ಮಾಲೀಕನೂ ಹೊಣೆಯಲ್ಲ, ವಿಮಾ ಕಂಪನಿಯೂ ಹೊಣೆಯಲ್ಲ ಎಂದಿತು. ಐದು ವರ್ಷದ ಮೇಲೆ ಸಂಸತ್ತು ಉತ್ತರ ಕೊಟ್ಟಿತು: 1982ರ ಅಕ್ಟೋಬರ್ 1ರಿಂದ, ತಪ್ಪು ಯಾರದೇ ಇರಲಿ, ಸಾವಿಗೆ 15,000, ಶಾಶ್ವತ ಊನಕ್ಕೆ 7,500. 1988ರ ಹೊಸ ಕಾಯ್ದೆಯಲ್ಲಿ ಅದು 25,000 ಮತ್ತು 12,000, 1994ರಲ್ಲಿ 50,000 ಮತ್ತು 25,000. ಅದೇ 1994ರಲ್ಲಿ ವಯಸ್ಸು, ಆದಾಯ ನೋಡಿ ಕೋಷ್ಟಕದಿಂದ ಲೆಕ್ಕ ಹಾಕುವ 163ಎ ಕಲಂ ಬಂತು. ಅದಕ್ಕೂ ತಪ್ಪು ತೋರಿಸಬೇಕಿಲ್ಲ. 2022ರ ಏಪ್ರಿಲ್ 1ರಿಂದ ಇವುಗಳ ಜಾಗದಲ್ಲಿ 164ನೇ ಕಲಂ: ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ ಎರಡೂವರೆ ಲಕ್ಷ. ಇದನ್ನು ಪಡೆದರೆ ಅಲ್ಲಿಗೆ ಮುಗಿಯಿತು. ದುಡಿಯುವ ವಯಸ್ಸಿನವನು ಸತ್ತ ಮನೆಗೆ ಇದು ಸಾಲದು, ಆದ್ದರಿಂದ ಈಗಲೂ ಹೆಚ್ಚಿನವರು ತಪ್ಪು ಸಾಬೀತು ಮಾಡುವ 166ರ ದಾರಿಯನ್ನೇ ಹಿಡಿಯುತ್ತಾರೆ.

ಆದಾಯದ ಮಾತು ಬಂದಾಗ ನಮ್ಮ ರಾಜ್ಯದ ಒಬ್ಬ ಕೂಲಿಯನ್ನು ನೆನೆಯಬೇಕು. ರಾಮಚಂದ್ರಪ್ಪ ವಿರುದ್ಧ ರಾಯಲ್ ಸುಂದರಂ, 2011. ತಿಂಗಳಿಗೆ 4,500 ರೂಪಾಯಿ ದುಡಿಯುತ್ತಿದ್ದೆ ಎಂದು ಆತ ಹೇಳಿದರೆ ನ್ಯಾಯಾಧಿಕರಣ 3,000 ಎಂದು ಇಳಿಸಿತ್ತು. ಕೂಲಿಯವನು ಸಂಬಳದ ಚೀಟಿ ಎಲ್ಲಿಂದ ತರುತ್ತಾನೆ ಎಂಬುದನ್ನು ಗಣಿಸಿ ಸುಪ್ರೀಂ ಕೋರ್ಟು 4,500ನ್ನೇ ಒಪ್ಪಿತು. ಇವತ್ತು ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರದ ವರ್ಷವಾರು ಪಟ್ಟಿ ನಮ್ಮ ಕೈಯಲ್ಲಿದೆ. ದಾಖಲೆ ಇಲ್ಲದವನ ಆದಾಯ ಆ ವರ್ಷಕ್ಕೆ ಇಷ್ಟು ಎಂದು ಅದರಲ್ಲಿ ನೋಡಿ ಹಾಕುತ್ತಾರೆ. ಲೋಕ ಅದಾಲತ್ತಿಗೆಂದು ಮಾಡಿದ್ದು ಕೋರ್ಟುಗಳಿಗೂ ಒದಗಿತು.

ಈಗ ಲಾರಿಗೆ ಮರಳಿ ಬರಬೇಕು. 1988ರ ಕಾಯ್ದೆ ವಿಮಾ ಕಂಪನಿಯ ಹೊಣೆಯ ಮಿತಿಯನ್ನು ತೆಗೆದುಹಾಕಿತು. 1994ರ ತಿದ್ದುಪಡಿ ಸರಕಿನ ಜೊತೆ ಹೋಗುವ ಸರಕಿನ ಮಾಲೀಕನನ್ನೂ ಅವನ ಪ್ರತಿನಿಧಿಯನ್ನೂ ವಿಮೆಯ ಒಳಗೆ ತಂದಿತು. ನಮ್ಮ ದೊಡ್ಡಪ್ಪನಂಥವರಿಗೆ ಕಾನೂನಿನಲ್ಲಿ ಜಾಗ ಸಿಕ್ಕಿದ್ದು ಆಗ. ಹಳೆಯ ಕಾಯ್ದೆಯಡಿಯ ಕೇಸುಗಳಿಗೆ ಆ ಭಾಗ್ಯವಿರಲಿಲ್ಲ: ಕರ್ನಾಟಕದಿಂದಲೇ ಹೋದ ಮಲ್ಲವ್ವ ವಿರುದ್ಧ ಓರಿಯೆಂಟಲ್ ಇನ್ಶೂರೆನ್ಸ್ ಕೇಸಿನಲ್ಲಿ, ಸರಕಿನ ಜೊತೆ ಬಾಡಿಗೆ ಕೊಟ್ಟು ಕೂತಿದ್ದರೂ ಸರಕು ಗಾಡಿಯ ಪ್ರಯಾಣಿಕರಿಗೆ ವಿಮಾ ಕಂಪನಿ ಹೊಣೆಯಲ್ಲ ಎಂದು ತೀರ್ಪಾಯಿತು. ಅದರ ಹಿಂದೆಯೇ ಸತ್ಪಾಲ್ ಸಿಂಗ್ ಕೇಸಿನಲ್ಲಿ, ಹೊಸ ಕಾಯ್ದೆಯಡಿ ಸರಕು ಗಾಡಿಯಲ್ಲಿ ಕೂತ ಯಾರಿಗಾದರೂ ವಿಮೆಯಿದೆ ಎಂದಾಯಿತು. ಶಿರಾ, ಮಧುಗಿರಿ, ಪಾವಗಡದ ವಕೀಲರೆಲ್ಲ ಉಸಿರುಬಿಟ್ಟೆವು. 2002ರ ಡಿಸೆಂಬರಿನಲ್ಲಿ ಆಶಾ ರಾಣಿ ತೀರ್ಪು ಬಂದು ಅದನ್ನು ಅಳಿಸಿಹಾಕಿತು. 2004ರ ಬಲ್ಜಿತ್ ಕೌರ್ ತೀರ್ಪು, ಅಷ್ಟರವರೆಗಿನ ಕೇಸುಗಳಲ್ಲಿ ಕಂಪನಿ ಮೊದಲು ಕೊಟ್ಟು ಆಮೇಲೆ ಮಾಲೀಕನಿಂದ ವಸೂಲು ಮಾಡಿಕೊಳ್ಳಲಿ ಎಂದಿತು. ಒಂದೇ ರಸ್ತೆ, ಒಂದೇ ಥರದ ಗಾಡಿ, ಒಂದೇ ಊರಿನ ಕೂಲಿಯವರು. ಅಪಘಾತದ ತಾರೀಖು ಆಚೀಚೆಯಾದದ್ದಕ್ಕೆ ಒಂದು ಮನೆಗೆ ದುಡ್ಡು ಬಂತು, ಪಕ್ಕದ ಮನೆಗೆ ಬರಲಿಲ್ಲ.

ಅಂಥ ಒಂದು ಕೇಸಿನ ಪಾಟೀ ಸವಾಲು ನನಗೆ ಇವತ್ತಿಗೂ ಕಿವಿಯಲ್ಲಿದೆ. ಕಳೆ ಕೀಳಲು ಟೆಂಪೊದಲ್ಲಿ ಹೋಗುತ್ತಿದ್ದ ಹೆಂಗಸು, ಸೊಂಟ ಮುರಿದಿತ್ತು. ಕಂಪನಿಯ ವಕೀಲರು ಕೇಳಿದರು, ‘ಅದು ಸಾಮಾನು ಸಾಗಿಸೋ ಗಾಡಿ ಅಂತ ನಿಮಗೆ ಗೊತ್ತಿತ್ತಲ್ಲಮ್ಮ?’

‘ಗೊತ್ತಿತ್ತು ಸ್ವಾಮಿ. ಆ ಹೊತ್ತಲ್ಲಿ ಬಸ್ಸು ಇದ್ದಿದ್ರೆ ಅದನ್ಯಾಕೆ ಹತ್ತಾ ಇದ್ವಿ?’

ಹೇಳಿಕೆಯಲ್ಲಿ ದಾಖಲಾದದ್ದು ಇಷ್ಟು: ಸದರಿ ವಾಹನವು ಸರಕು ಸಾಗಣೆ ವಾಹನ ಎಂದು ನನಗೆ ಗೊತ್ತಿತ್ತು ಎಂದರೆ ಸರಿ. ಅವಳ ಎರಡನೇ ವಾಕ್ಯ ಹಾಳೆಯ ಮೇಲೆ ಬರಲಿಲ್ಲ. ಬರೆಯದವರ ತಪ್ಪೆಂದು ನಾನು ಹೇಳುತ್ತಿಲ್ಲ. ಪ್ರಶ್ನೆಗೆ ಬೇಕಾದ ಉತ್ತರ ಮೊದಲನೆಯದೇ, ಕಾನೂನು ಕೇಳುವುದೂ ಅದನ್ನೇ. ಆದರೆ ನಮ್ಮ ಸೀಮೆಯ ಅಪಘಾತಗಳ ಚರಿತ್ರೆ ಇರುವುದು ಆ ಎರಡನೇ ವಾಕ್ಯದಲ್ಲಿ.

ಮೈಸೂರು ಸರ್ಕಾರದ ಸಾರಿಗೆ ಇಲಾಖೆ 1948ರ ಸೆಪ್ಟೆಂಬರಿನಲ್ಲಿ 120 ಬಸ್ಸುಗಳಿಂದ ಶುರುವಾಯಿತು, 1961ರಲ್ಲಿ ನಿಗಮವಾಯಿತು. ಆದರೆ ನಮ್ಮ ಕಡೆಯ ತಾಲ್ಲೂಕುಗಳ ಒಳದಾರಿಗಳಲ್ಲಿ ಬಹುಕಾಲ ಜನರನ್ನು ಹೊತ್ತದ್ದು ಖಾಸಗಿ ಬಸ್ಸುಗಳೇ. ಅವು ಬರುವ ಹೊತ್ತು ಬಿಟ್ಟರೆ ಸರಕು ಗಾಡಿ, ಅವು ಬಂದರೆ ಮೇಲೆ ಕೆಳಗೆ ಜನ. 2022ರ ಮಾರ್ಚ್ 19ರ ಶನಿವಾರ ಬೆಳಿಗ್ಗೆ ವೈ.ಎನ್. ಹೊಸಕೋಟೆಯಿಂದ ಪಾವಗಡಕ್ಕೆ ಹೊರಟ ಖಾಸಗಿ ಬಸ್ಸು ಪಳವಳ್ಳಿ ಕಟ್ಟೆಯ ಬಳಿ ಮಗುಚಿತು. ವಿದ್ಯಾರ್ಥಿಗಳೂ ಸೇರಿ ಹಲವರು ಸತ್ತರು. ಬಸ್ಸಿನ ಟಾಪಿನ ಮೇಲೂ ಜನರಿದ್ದರು. ಅಂದಿನಿಂದ ಆ ದಾರಿಗೆ ಸರ್ಕಾರಿ ಬಸ್ಸು ಬೇಕೆಂಬ ಕೂಗು ಜೋರಾಯಿತು. ಅದೇ ವರ್ಷ ಆಗಸ್ಟ್ 25ರ ನಸುಕಿನಲ್ಲಿ ಕಳ್ಳಂಬೆಳ್ಳದ ಹತ್ತಿರ ಬಾಳೇನಹಳ್ಳಿ ಗೇಟಿನಲ್ಲಿ, ರಾಯಚೂರು ಜಿಲ್ಲೆಯಿಂದ ಬೆಂಗಳೂರಿಗೆ ಕೂಲಿಗೆ ಹೊರಟಿದ್ದವರ ಕ್ರೂಸರ್ ಲಾರಿಗೆ ಡಿಕ್ಕಿಯಾಗಿ ಒಂಬತ್ತು ಮಂದಿ ಸತ್ತರು. ಆ ಗಾಡಿಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಇದ್ದರು.

ಇಂಥಲ್ಲಿ ಕಾನೂನು ಏನು ಹೇಳುತ್ತದೆ ಎಂಬುದು ಊರಿನವರಿಗೆ ಗೊತ್ತಿರಲಿ. ಎರಡು ಗಾಡಿ ಡಿಕ್ಕಿಯಾದರೆ ಒಳಗೆ ಕೂತವನು ಯಾವ ಡ್ರೈವರನ ತಪ್ಪು ಎಷ್ಟು ಪಾಲು ಎಂದು ಅಳೆಯಬೇಕಾಗಿಲ್ಲ, ಯಾವುದಾದರೂ ಒಂದು ಕಡೆಯಿಂದ ಪೂರ್ತಿ ಕೇಳಬಹುದು. ನಮ್ಮ ಹೈಕೋರ್ಟಿನ ಪೂರ್ಣ ಪೀಠ 2004ರ ಸಾರಿಗೆ ನಿಗಮ ವಿರುದ್ಧ ಅರುಣ್ ಕೇಸಿನಲ್ಲಿ ಇದನ್ನು ಚರ್ಚಿಸಿತ್ತು, 2015ರಲ್ಲಿ ಖೆನ್ಯೇಯಿ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಇತ್ಯರ್ಥ ಮಾಡಿತು. ಆದರೆ ಪರವಾನಗಿಗಿಂತ ಹೆಚ್ಚು ಜನರಿದ್ದರೆ? 2007ರ ಅಂಜನಾ ಶ್ಯಾಮ್ ಕೇಸು ಹಿಮಾಚಲದ ಒಂದು ಬಸ್ಸಿನದು, 42 ಜನಕ್ಕೆ ಪರವಾನಗಿ, ಇದ್ದವರು 90. ಕಂಪನಿ 42 ಜನರ ಮಟ್ಟಿಗೆ ಮಾತ್ರ ಹೊಣೆ, ಎಲ್ಲಕ್ಕಿಂತ ದೊಡ್ಡ 42 ಮೊತ್ತಗಳನ್ನು ಕೂಡಿ ಕಟ್ಟಲಿ, ಅದನ್ನು ಎಲ್ಲರೂ ಪ್ರಮಾಣಕ್ಕೆ ತಕ್ಕಂತೆ ಹಂಚಿಕೊಳ್ಳಲಿ, ಉಳಿದದ್ದನ್ನು ಮಾಲೀಕನಿಂದ ಪಡೆಯಲಿ ಎಂದು ತೀರ್ಪು. ಸೀಟು ಸಿಕ್ಕದೆ ನಿಂತವನ ಕಾರಣಕ್ಕೆ ಸೀಟಿನಲ್ಲಿ ಕೂತವನ ಪರಿಹಾರವೂ ಕಡಿಮೆಯಾಗುತ್ತದೆ. ಜನರನ್ನು ತುಂಬಿದವನು ಬಸ್ಸಿನವನು, ತುಂಬಲು ಬಿಟ್ಟವರು ಪರವಾನಗಿ ಕೊಟ್ಟು ತಿರುಗಿ ನೋಡದವರು. ಕಳೆದುಕೊಂಡವರು ಟಿಕೆಟು ತೆಗೆದುಕೊಂಡವರು. ಇದನ್ನು ನಾನು ನ್ಯಾಯವೆಂದು ಒಪ್ಪಲಾರೆ.

2020ರಲ್ಲಿ ನಮ್ಮ ಹೈಕೋರ್ಟಿನ ಪೂರ್ಣ ಪೀಠ ಯಲ್ಲವ್ವ ಕೇಸಿನಲ್ಲಿ ಒಂದು ಬಾಗಿಲು ತೆರೆಯಿತು. ಪಾಲಿಸಿಯ ಷರತ್ತು ಮುರಿದಿದ್ದರೂ ಮೂರನೆಯವರಿಗೆ ಕಂಪನಿ ಮೊದಲು ಕೊಡಲಿ, ಆಮೇಲೆ ಮಾಲೀಕನಿಂದ ವಸೂಲು ಮಾಡಿಕೊಳ್ಳಲಿ ಎಂದು. ಹಳ್ಳಿಯ ಮಾಲೀಕನ ಹತ್ತಿರ ವಸೂಲಾಗುವುದು ಎಷ್ಟು ಎಂಬುದು ಅಮೀನರಿಗೆ ಗೊತ್ತು. ವಸೂಲಿಯ ಓಡಾಟ ವಿಧವೆಯ ಹೆಗಲಿನಿಂದ ಕಂಪನಿಯ ಹೆಗಲಿಗೆ ಹೋದದ್ದೇ ದೊಡ್ಡದು.

ಇನ್ನೊಂದು ಬಾಗಿಲು ಮಾತ್ರ ಮುಚ್ಚಿತು. 1994ರಲ್ಲಿ ಅರ್ಜಿಯ ಕಾಲಮಿತಿಯನ್ನು ಕಾಯ್ದೆಯಿಂದ ತೆಗೆದುಹಾಕಿದ್ದರು. ಗಂಡನ ಕಾರ್ಯ ಮುಗಿಸಿ, ಸಾಲ ತೀರಿಸಿ, ಎರಡು ವರ್ಷ ಕಳೆದು ಬಂದ ಹೆಂಗಸಿಗೂ ನಾವು ಅರ್ಜಿ ಹಾಕಿಕೊಟ್ಟಿದ್ದೇವೆ. 2019ರ ತಿದ್ದುಪಡಿ ಆರು ತಿಂಗಳ ಮಿತಿಯನ್ನು ಮರಳಿ ತಂದಿತು, 2022ರ ಏಪ್ರಿಲ್ 1ರಿಂದ ಜಾರಿ. ಅದಕ್ಕೆ ಬದಲಾಗಿ ಪೊಲೀಸರ ಮೇಲೆ ಹೊಸ ಕರ್ತವ್ಯ ಬಂದಿದೆ: 48 ಗಂಟೆಯಲ್ಲಿ ಮೊದಲ ಅಪಘಾತ ವರದಿ, 50 ದಿನದಲ್ಲಿ ಮಧ್ಯಂತರ ವರದಿ, 90 ದಿನದಲ್ಲಿ ವಿವರವಾದ ವರದಿ ನ್ಯಾಯಾಧಿಕರಣಕ್ಕೆ ಹೋಗಬೇಕು. ಹತ್ತು ದಿನದೊಳಗೆ ಗಾಯಾಳುವಿಗೆ ಅಥವಾ ಸತ್ತವರ ಮನೆಯವರಿಗೆ ಅವರ ಹಕ್ಕು ತಿಳಿಸುವ ಎರಡನೇ ನಮೂನೆಯನ್ನು ತನಿಖಾಧಿಕಾರಿ ಕೊಡಬೇಕು. ನಮ್ಮ ದೊಡ್ಡಮ್ಮನ ಕೈಗೆ ಅಂಥದೊಂದು ಹಾಳೆ ಬಂದಿದ್ದರೆ ಆ ಹೆಬ್ಬೆಟ್ಟು ಬೀಳುತ್ತಿರಲಿಲ್ಲ. ಊರಿನ ಯಾರಿಗಾದರೂ ಹೀಗಾದರೆ ಮೊದಲು ಠಾಣೆಗೆ ಹೋಗಿ ಆ ನಮೂನೆಯನ್ನು ಕೇಳಿ ಪಡೆಯಿರಿ.

ಈಚಿನ ವರ್ಷಗಳಲ್ಲಿ ಸರಕು ಗಾಡಿಯ, ತುಂಬಿದ ಬಸ್ಸಿನ ಕೇಸು ಬಂದಾಗ ನಾನು ಒಂದು ಅರ್ಜಿ ಹೆಚ್ಚಿಗೆ ಹಾಕುತ್ತೇನೆ. ಆ ದಾರಿಯ ಬಸ್ ಪರವಾನಗಿಗಳ, ವೇಳಾಪಟ್ಟಿಯ ದಾಖಲೆಗಳನ್ನು ಸಾರಿಗೆ ಕಚೇರಿಯಿಂದ ತರಿಸಿಕೊಡಿ ಎಂದು. ಮೊದಲಾದರೆ ತುಮಕೂರಿಗೆ ಹೋಗಬೇಕಿತ್ತು, ಈಗ ಮಧುಗಿರಿಯಲ್ಲೇ ಕಚೇರಿ ಇದೆ, ಕೆಎ-64. ಅದು ನಿರ್ಲಕ್ಷ್ಯದ ವಿವಾದಾಂಶಕ್ಕೆ ಸಂಬಂಧಿಸಿದ್ದಲ್ಲ ಎಂದು ಎದುರು ಕಡೆಯವರು ಆಕ್ಷೇಪಿಸುತ್ತಾರೆ. ಕೆಲವು ಅರ್ಜಿ ವಜಾ ಆಗಿವೆ, ಕೆಲವು ಮಂಜೂರಾಗಿವೆ. ಮಂಜೂರಾದ ಕಡೆ, ಬೆಳಗಿನ ಆರರಿಂದ ಒಂಬತ್ತರವರೆಗೆ ಆ ದಾರಿಯಲ್ಲಿ ಎಷ್ಟು ಬಸ್ಸು, ಎಷ್ಟು ಸೀಟು ಎಂಬ ಪಟ್ಟಿ ಮಹಜರಿನ ಪಕ್ಕದಲ್ಲಿ ನಿಶಾನೆಯಾಗಿ ಕೂತಿದೆ.